ಪಾತಾಳಕ್ಕಿಳಿದ ಬಿಸಿನೀರು

ಒಂದು ಹಂದಿಯಿಂದ ಊರು ಹುಟ್ಟಿತೆಂದರೆ ಯಾರು ನಂಬುವರು? ಇಂದು ಚೆಕ್ ಗಣರಾಜ್ಯಕ್ಕೆ ಸೇರಿದ ಟೆಪ್ಲಿಟ್ಸೆಯ ಜನ ಮಾತ್ರ ಈ ಕಥೆಯನ್ನು ಅಭಿಮಾನದಿಂದಲೇ ಹೇಳುತ್ತ ಬಂದಿದ್ದಾರೆ. 762ರಲ್ಲಿ ಮೇಯುತ್ತಿದ್ದ ಹಂದಿಯೊಂದು ಬಿಸಿನೀರಿನ ಬುಗ್ಗೆಗೆ ಕಾಲಿಟ್ಟು ಚೀರಿತಂತೆ. ಅದರ ಕೂಗಿಗೆ ಓಡಿಬಂದವರ ಕಣ್ಣಿಗೆ ಬುಗ್ಗೆ ಬಿತ್ತಂತೆ. ಕಥೆ ಹೇಗಾದರೂ ಇರಲಿ, ಊರಿನ ಹೆಸರಿನಲ್ಲೇ 'ಬೆಚ್ಚಗಿನದು' ಎಂಬ ಅರ್ಥವಡಗಿದೆ.

ಸುಮಾರು 40 ಡಿಗ್ರಿ ಸೆಂಟಿಗ್ರೇಡ್ ಶಾಖದ ಈ ನೀರಿನಲ್ಲಿ ಮಿಂದರೆ ಕೀಲುನೋವು ಶಮನವಾಗುವುದೆಂದು ಯೂರೋಪಿನ ದೊರೆಗಳೂ ಕವಿಗಳೂ ಇಲ್ಲಿಗೆ ಬರುತ್ತಿದ್ದರು. ಮಹಾಕವಿ ಗಯಟೆ ಮತ್ತು ಸಂಗೀತಗಾರ ಬೀಥೋವನ್ 1812ರಲ್ಲಿ ಪರಸ್ಪರ ಭೇಟಿಯಾದದ್ದು ಇಲ್ಲಿಯೇ. ರಾಜಪರಿವಾರ ಎದುರಾದಾಗ ಕವಿ ಟೊಪ್ಪಿಗೆ ತೆಗೆದು ಪಕ್ಕಕ್ಕೆ ಸರಿದು ನಿಂತನೆಂದೂ, ಬೀಥೋವನ್ ನೆಟ್ಟಗೆ ನಡೆದುಹೋದನೆಂದೂ ಹೇಳುವುದುಂಟು. ಸೊಗಸಾದ ಕಥೆ, ಪೂರ್ತಿ ನಂಬತಕ್ಕದ್ದಲ್ಲ.

ಬುಗ್ಗೆ ಒಮ್ಮೆ ಜನರನ್ನು ಬೆದರಿಸಿಯೂ ಇತ್ತು. 1755ರ ನವೆಂಬರ್ 1ರಂದು ದೂರದ ಲಿಸ್ಬನ್ ನಗರ ಭೂಕಂಪಕ್ಕೆ ತುತ್ತಾದ ದಿನವೇ ಇಲ್ಲಿಯ ನೀರು ಕದಡಿ, ಕ್ಷಣಕಾಲ ನಿಂತು, ಬಳಿಕ ಕೆಂಪಗೆ ಭೋರ್ಗರೆದು ಉಕ್ಕಿತು. ಆದರೆ ನಿಜವಾದ ಗಂಡಾಂತರ ಬಂದುದು ಮನುಷ್ಯನ ಕೈಯಿಂದ.

ಪಕ್ಕದ ದುಖ್ಟ್ಸೋವ್ ಊರಿನ ಸುತ್ತ ಕಲ್ಲಿದ್ದಲ ಗಣಿಗಳಿದ್ದವು. 1879ರ ಫೆಬ್ರವರಿ 10ರಂದು ಡಾಲಿಂಗರ್ ಎಂಬ ಗಣಿಯ ಸುರಂಗಕ್ಕೆ ನೀರು ಒಮ್ಮೆಲೇ ನುಗ್ಗಿತು. ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಒಳಗೇ ಪ್ರಾಣಬಿಟ್ಟರು. ಬುಗ್ಗೆಯ ಕಥೆ ಹೇಳುವಾಗ ಈ ಬಡಜೀವಗಳನ್ನು ಮರೆಯುವುದು ನ್ಯಾಯವಲ್ಲ. ಮೂರು ದಿನಗಳ ತರುವಾಯ, 13ರಂದು, ಟೆಪ್ಲಿಟ್ಸೆಯ ಮುಖ್ಯ ಬುಗ್ಗೆ ಬತ್ತಿಹೋಯಿತು!

ಸ್ನಾನಗೃಹಗಳಿರಲಿ, ಛತ್ರ ಹೋಟೆಲುಗಳಿರಲಿ, ಊರಿನ ಒಲೆ ಉರಿಯುತ್ತಿದ್ದುದೇ ಆ ನೀರಿನ ಬಿಸಿಯಿಂದ. ಜನರ ಎದೆ ಧಸಕ್ಕೆಂದಿತು. ವಸಂತ ಬಂದರೆ ರೋಗಿಗಳು ಬರುವರು, ಬಂದವರಿಗೆ ತೋರಿಸುವುದೇನನ್ನು?

ಬುಗ್ಗೆಗೂ ಗಣಿಗೂ ಏನು ಸಂಬಂಧವೆಂದು ಕೇಳಬಹುದು. ನೆಲದಡಿಯ ಗಟ್ಟಿ ಶಿಲೆಯ ಬಿರುಕುಗಳಲ್ಲಿ ಆಳಕ್ಕಿಳಿದು ಕಾದ ನೀರೇ ಒತ್ತಡದಿಂದ ಮೇಲೇರಿ ಬುಗ್ಗೆಯಾಗುತ್ತಿತ್ತು. ಗಣಿಯವರು ಅಗೆಯುತ್ತ ಹೋಗಿ ಅದೇ ಶಿಲೆಯ ಬಿರುಕನ್ನು ಮುಟ್ಟಿದ್ದರು. ಕೆಳಗೆ ದಾರಿ ಸಿಕ್ಕಮೇಲೆ ನೀರು ಮೇಲೇಕೆ ಏರೀತು?

ಆದರೆ ನೀರು ಅಳಿದಿರಲಿಲ್ಲ, ಮಟ್ಟ ಇಳಿದಿತ್ತು ಅಷ್ಟೆ. ಭೂವಿಜ್ಞಾನಿಗಳ ಸಲಹೆಯಂತೆ ಬುಗ್ಗೆಯ ಬಾಯಿಯಲ್ಲೇ ಕೆಳಕ್ಕೆ ಅಗೆಯುತ್ತ ಹೋದರು. ಮಾರ್ಚ್ ತಿಂಗಳಲ್ಲಿ ಬಿಸಿನೀರು ಮತ್ತೆ ಸಿಕ್ಕಿತು. ತಾನಾಗಿ ಉಕ್ಕುತ್ತಿದ್ದುದನ್ನು ಇನ್ನು ಪಂಪಿನಿಂದ ಎತ್ತಬೇಕಾಯಿತು. 1887ರಲ್ಲಿ ಇನ್ನೊಂದು ಗಣಿಗೆ ನೀರು ನುಗ್ಗಿ, ಊರವರ ನಿದ್ದೆ ಮತ್ತೊಮ್ಮೆ ಹಾರಿತು.

ಟೆಪ್ಲಿಟ್ಸೆಯ ಸ್ನಾನಗೃಹಗಳಿಗೆ ಇಂದಿಗೂ ಕೀಲುನೋವಿನವರು ಬರುತ್ತಾರೆ. ತೊಟ್ಟಿಗಳನ್ನು ತುಂಬುವ ನೀರು ಈಗಲೂ ಯಂತ್ರದ ಬಲದಿಂದಲೇ ಮೇಲೇರುತ್ತದೆ.