ವಿಮಾನದ ಹೊಟ್ಟೆಯಲ್ಲಿ ಪುಟ್ಟ ವಿಮಾನ

ವೇಕ್‌ಫೀಲ್ಡ್ ಕಪ್ ಎಂಬುದು ಮಾದರಿ ವಿಮಾನಗಳ ಪಂದ್ಯ. ಈ ವಿಮಾನಕ್ಕೆ ಪೆಟ್ರೋಲು ಬೇಡ. ಹುರಿಗೊಳಿಸಿದ ರಬ್ಬರ್ ಎಳೆಗಳು ಬಿಚ್ಚಿಕೊಳ್ಳುತ್ತ ಮೂತಿಯ ಪ್ರೊಪೆಲರನ್ನು ತಿರುಗಿಸುತ್ತವೆ. ಕೈಬಿಟ್ಟ ಮೇಲೆ ಅದು ತನ್ನಷ್ಟಕ್ಕೆ ಹಾರಬೇಕು. ಹೆಚ್ಚು ಹೊತ್ತು ಗಾಳಿಯಲ್ಲಿ ನಿಂತದ್ದಕ್ಕೆ ಗೆಲುವು. ಮಕ್ಕಳಾಟವೆಂದು ನಗುವವರಿಗೆ ನಾವು ಹೇಳುವುದಿಷ್ಟೆ: ಇದಕ್ಕಾಗಿ ಜನರು ಸಾಗರ ದಾಟಿದ್ದುಂಟು.

ಹಿಂದೆ ಗೆದ್ದವನ ದೇಶದಲ್ಲಿ ಮುಂದಿನ ಪಂದ್ಯ ನಡೆಸುವ ರೂಢಿಯಿತ್ತು. 1948ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಇಂಗ್ಲೆಂಡಿನ ಚೆಸ್ಟರ್‌ಟನ್ ಗೆದ್ದರು. 1949ರ ಪಂದ್ಯ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡಿನಲ್ಲಾಯಿತು. ಅಲ್ಲಿ ಗೆದ್ದವರು ಫಿನ್ಲೆಂಡಿನ ಆರ್ನೆ ಎಲ್ಲಿಲಾ. ಆದ್ದರಿಂದ 1950ರಲ್ಲಿ ಎಲ್ಲರೂ ಫಿನ್ಲೆಂಡಿಗೆ ಹೊರಡಬೇಕಾಯಿತು. ಅಲ್ಲಿಯೂ ಕಪ್ ಅವರಿಗೇ ದಕ್ಕಿತು.

ಆ ಕಾಲದ ಪ್ರಯಾಣಿಕ ವಿಮಾನಗಳೆಂದರೆ ಡಕೋಟಾ, ಸ್ಕೈಮಾಸ್ಟರ್, ಕಾನ್‌ಸ್ಟಲೇಶನ್. ಡಕೋಟಾದಲ್ಲಿ ಸಾಧಾರಣ 21 ಆಸನ. ಒಳಗಿನ ಗಾಳಿಯ ಒತ್ತಡವನ್ನು ಕಾಯುವ ಏರ್ಪಾಡಿಲ್ಲದ್ದರಿಂದ ತಗ್ಗಿನಲ್ಲೇ, ಮೋಡಗಳ ನಡುವೆ ಕುಲುಕುತ್ತ ಹಾರಬೇಕು. (ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಯುದ್ಧದ ಬಳಿಕ ಡಕೋಟಾಗಳನ್ನು ನಾಗರಿಕರ ಪ್ರಯಾಣಕ್ಕೆ ಅಣಿಗೊಳಿಸಿತ್ತು.) ಅಟ್ಲಾಂಟಿಕ್ ದಾಟುವ ವಿಮಾನಗಳು ಐರ್ಲೆಂಡಿನ ಶ್ಯಾನನ್, ನ್ಯೂಫೌಂಡ್‌ಲೆಂಡಿನ ಗ್ಯಾಂಡರ್ ಮುಂತಾದೆಡೆ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತಿದ್ದವು.

ನಿಜವಾದ ಚಿಂತೆ ಪೆಟ್ಟಿಗೆಯದು. ಟ್ರಂಕಿನೊಡನೆ ರೈಲು ಹತ್ತಿದವರಿಗೆಲ್ಲ ಇದರ ಅನುಭವ ಸ್ವಲ್ಪ ಉಂಟು. ಮಾದರಿಯ ತೂಕ ಕಾಲು ಕಿಲೋ ಆಸುಪಾಸು. ರೆಕ್ಕೆಯ ಉದ್ದ ಮಾತ್ರ ಒಂದು ಮೀಟರಿಗೂ ಮಿಗಿಲು. ಅದಕ್ಕೆಂದೇ ರೆಕ್ಕೆಯನ್ನು ನಡುವೆ ಬೇರ್ಪಡುವಂತೆ ಕಟ್ಟುವುದು. ಬಾಲ್ಸಾ ಮರ ಬೆಂಡಿನಷ್ಟು ಹಗುರ. ಅದರ ಮೇಲಿನ ತೆಳುಕಾಗದ ತೇವಕ್ಕೆ ಸಡಿಲಾಗಿ, ಒಣಗಿದಾಗ ಬಿಗಿಯುತ್ತದೆ. ಆ ಎಳೆತಕ್ಕೆ ರೆಕ್ಕೆ ಕೂದಲೆಳೆಯಷ್ಟು ತಿರುಚಿಕೊಂಡರೂ ವಿಮಾನ ಸುತ್ತುತ್ತ ನೆಲಕ್ಕೆ ಬೀಳಬಹುದು. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ರಾತ್ರಿಯ ಪ್ರಯಾಣದಲ್ಲಿ ಕೆಡುವುದೆಂದರೆ ಹೀಗೆ. ಪೆಟ್ಟಿಗೆಯಲ್ಲಿ ಎರಡು ಮೂರು ಮಾದರಿ ಇಡುವುದು ಶ್ರೀಮಂತಿಕೆಯಲ್ಲ, ವಿವೇಕ.

ಚೆನ್ನಾಗಿ ಹಾರಿದರೂ ಅಪಾಯ ತಪ್ಪದು. ಹದ್ದುಗಳನ್ನು ಮೇಲೊಯ್ಯುವ ಬಿಸಿಗಾಳಿ ಮಾದರಿಯನ್ನೂ ಒಯ್ದು ಕಣ್ಮರೆ ಮಾಡುತ್ತದೆ. ಅದಕ್ಕೆ ಬಾಲದ ಬಳಿ ನಿಧಾನವಾಗಿ ಉರಿಯುವ ಬತ್ತಿಯೊಂದನ್ನು ಸಿಕ್ಕಿಸುತ್ತಿದ್ದರು. ಬತ್ತಿ ಉರಿದು ರಬ್ಬರ್ ಪಟ್ಟಿ ಕಡಿದೊಡನೆ ಬಾಲದ ರೆಕ್ಕೆ ಮೇಲಕ್ಕೆ ವಾಲಿ, ವಿಮಾನ ಮೆಲ್ಲಗೆ ಇಳಿಯುತ್ತಿತ್ತು. ಈಗ ಆ ಕೆಲಸವನ್ನು ಪುಟ್ಟ ಟೈಮರು ಮಾಡುತ್ತದೆ. ರಬ್ಬರಿಗೂ ಮಿತಿ ಬಂದಿದೆ: 30 ಗ್ರಾಮಿಗಿಂತ ಹೆಚ್ಚಿರಬಾರದು.

ಟಿಕೆಟ್ಟಿಗೆ ಹಣವಿಲ್ಲದವರ ಗತಿ? ಆಸ್ಟ್ರೇಲಿಯ, ನ್ಯೂಜಿಲೆಂಡಿನಂಥ ದೂರದೇಶದವರು ಮಾದರಿಯನ್ನಷ್ಟೇ ಕಳುಹಿಸುತ್ತಿದ್ದುದುಂಟು. ಅಲ್ಲಿ ಮತ್ತೊಬ್ಬರು ಅದನ್ನು ಹೊರತೆಗೆದು, ಹುರಿ ಹಾಕಿ, ಮಾಲೀಕನ ಹೆಸರಿನಲ್ಲಿ ಹಾರಿಸುತ್ತಿದ್ದರು.