ಮಿರಜಿನ ಶಕುಂತಲೆ, ಬೀಳಗಿಯ ಗೋಹರ

ಮೇಲೇರಿದ ಕಲಾವಿದ, ಅವನ ಕಲೆಗೆ ಮರುಳಾದ ಹುಡುಗಿ, ನಡುವೆ ಹೆಂಡದ ಬಟ್ಟಲು: ಈ ಕಥೆ ಸಿನಿಮಾದವರಿಗೆ ಬಲು ಪ್ರಿಯ. 'ಎ ಸ್ಟಾರ್ ಈಸ್ ಬಾರ್ನ್' ಎಂಬ ಒಂದೇ ಹೆಸರಿನಲ್ಲಿ ಹಾಲಿವುಡ್ ಅದನ್ನು 1937, 1954, 1976 ಮತ್ತು 2018ರಲ್ಲಿ ನಾಲ್ಕು ಸಲ ತೆಗೆಯಿತು. 2013ರ ಹಿಂದಿ ಚಿತ್ರ 'ಆಶಿಕಿ 2' ಕೂಡ ಅದೇ ದಾರಿಯದು. ನಮ್ಮ ಗಡಿಯಲ್ಲಿ ಇದನ್ನು ನೆನಪಿಸುವ ಬದುಕೊಂದು ನಿಜವಾಗಿಯೇ ನಡೆದುಹೋಗಿದೆ. ಅದರ ಮೊದಲ ಅಂಕ ತೆರೆದದ್ದು ಮಿರಜಿನಲ್ಲಿ.

ಮಿರಜ, ಸಾಂಗಲಿಗಳು ಮಹಾರಾಷ್ಟ್ರಕ್ಕೆ ಸೇರಿದ್ದರೂ ಅಲ್ಲಿಯ ರಂಗಭೂಮಿಯ ಬೇರು ನಮ್ಮ ಮಣ್ಣಿಗೂ ಚಾಚಿಕೊಂಡಿದೆ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವೊಂದು ಸಾಂಗಲಿಗೆ ಹೋಗಿ ಆಟ ಆಡಿತ್ತು. ಅದನ್ನು ನೋಡಿ ಮೆಚ್ಚಿದ ಪಟವರ್ಧನ ದೊರೆ, ಮರಾಠಿಯಲ್ಲೂ ಇಂಥದು ಆಗಲಿ ಎಂದು ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ಹುಟ್ಟಿದ್ದು ಹೀಗೆ. ಇಂದಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದರು. 1880ರಲ್ಲಿ 'ಸಂಗೀತ ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದವರು ಅವರೇ.

ಆ ಶಾಕುಂತಲ ನಾಟಕದಲ್ಲಿ, 1905ರಲ್ಲಿ, ಮಿರಜಿನ ರಂಗದ ಮೇಲೆ ಹದಿನೇಳರ ಹುಡುಗನೊಬ್ಬ ಸೀರೆಯುಟ್ಟು ಶಕುಂತಲೆಯಾಗಿ ನಿಂತ. ಹೆಸರು ನಾರಾಯಣ ಶ್ರೀಪಾದ ರಾಜಹಂಸ. ಎಳೆಯ ವಯಸ್ಸಿನಲ್ಲಿ ಅವನ ಹಾಡು ಕೇಳಿ ಲೋಕಮಾನ್ಯ ತಿಲಕರು 'ಬಾಲಗಂಧರ್ವ' ಎಂದಿದ್ದರು. ಹುಡುಗನಿಗೆ ಕಿವಿಯ ತೊಂದರೆ ಇತ್ತು. ಮಿರಜಿನ ಮಿಷನ್ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಲಿ ಎಂದು ಕೊಲ್ಲಾಪುರದ ಶಾಹೂ ಮಹಾರಾಜರು ಅವನನ್ನು ಈ ಊರಿಗೆ ಕಳಿಸಿದ್ದರು. ಕಿವಿಯ ಉಪಚಾರಕ್ಕೆಂದು ಬಂದವನು ಸಾವಿರಾರು ಜನರ ಕಿವಿ ತುಂಬಿದ. ಈಗ ಮಿರಜಿನ ನಾಟಕಗೃಹಕ್ಕೆ ಬಾಲಗಂಧರ್ವರದೇ ಹೆಸರಿದೆ.

ಮುಂದಿನ ಇಪ್ಪತ್ತೈದು ವರ್ಷ ಅವರ ಕೀರ್ತಿಗೆ ಸಾಟಿಯಿರಲಿಲ್ಲ. ರಂಗದ ಮೇಲೆ ಅವರು ಸೀರೆ ಉಟ್ಟ ಬಗೆಯನ್ನು, ತುರುಬಿಗೆ ಹೂವು ಮುಡಿದ ಬಗೆಯನ್ನು ದೊಡ್ಡ ಮನೆತನದ ಹೆಂಗಸರು ನೋಡಿ ಕಲಿತರು. 1916ರ 'ಸ್ವಯಂವರ' ನಾಟಕದ ರುಕ್ಮಿಣಿಗೆ ಹಾಡು ಕೂಡಿಸಿದವರು ಭಾಸ್ಕರಬುವಾ ಬಖಲೆ. ತಬಲಾಕ್ಕೆ ಅಹಮದ್ ಜಾನ್ ತಿರಕವಾ ಅವರಂಥ ಉಸ್ತಾದರು ಬಂದು ಕೂತರು. ಒಂದೊಂದು ಪದಕ್ಕೂ ಸಭೆಯಿಂದ 'ಒನ್ಸ್‌ಮೋರ್' ಕೂಗು ಏಳುತ್ತಿತ್ತು. ಅವರು ಬೇಸರವಿಲ್ಲದೆ ಮತ್ತೆ ಹಾಡುತ್ತಿದ್ದರು, ಹಾಡಿದ್ದನ್ನೇ ಹೊಸದಾಗಿ ಹಾಡುತ್ತಿದ್ದರು. ರಾತ್ರಿ ಶುರುವಾದ ಆಟ ಮುಗಿಯುವಾಗ ಕೋಳಿ ಕೂಗುವ ಹೊತ್ತು.

ಆ ಕೂಗಿಗೂ ಒಂದು ಅಮಲಿದೆ, ಹಾಡುವವನಿಗೂ ಕೇಳುವವನಿಗೂ. 1911ರ ಮಾರ್ಚ್ 12ರಂದು ಮುಂಬಯಿಯಲ್ಲಿ 'ಮಾನಾಪಮಾನ' ನಾಟಕದ ಮೊದಲ ಪ್ರಯೋಗ. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಜನ ಬಂದು ಕೂತಿದ್ದಾರೆ, ಆಟ ನಿಲ್ಲಿಸುವುದು ಬೇಡ ಎಂದು ಅವರು ಮುಖಕ್ಕೆ ಬಣ್ಣ ಹಚ್ಚಿಕೊಂಡರು. ಇದನ್ನು ಕರ್ತವ್ಯನಿಷ್ಠೆ ಎಂದು ನೂರು ವರ್ಷದಿಂದ ಹೊಗಳುತ್ತ ಬಂದಿದ್ದಾರೆ. ನನಗೆ ಮಾತ್ರ ಇದನ್ನು ಓದಿದಾಗಲೆಲ್ಲ ಮನೆಯಲ್ಲಿ ಕೂತ ಆ ತಾಯಿ ಲಕ್ಷ್ಮೀಬಾಯಿ ನೆನಪಾಗುತ್ತಾರೆ.

ಗಂಧರ್ವ ನಾಟಕ ಮಂಡಳಿ ಶುರುವಾದದ್ದು 1913ರಲ್ಲಿ. ರಂಗದ ಮೇಲೆ ನಕಲಿ ಒಡವೆ, ಅಗ್ಗದ ರೇಷ್ಮೆ ಕೂಡದು ಎಂಬುದು ಒಡೆಯರಾದ ಬಾಲಗಂಧರ್ವರ ಹಟ. ಅತ್ತರು, ರತ್ನಗಂಬಳಿ, ಬೆಲೆಬಾಳುವ ಪರದೆ ಎಲ್ಲವೂ ಅಸಲಿಯೇ ಬೇಕು. 1920ರ 'ದ್ರೌಪದಿ'ಯ ಮಯಸಭೆಗೆ ನೀರಿನಂತೆ ಹಣ ಸುರಿದರು. 1921ರ ಹೊತ್ತಿಗೆ ಸಾಲ ಲಕ್ಷ ದಾಟಿತ್ತು. ಅದನ್ನೆಲ್ಲ ತಮ್ಮ ತಲೆಯ ಮೇಲೆ ಹೊತ್ತುಕೊಂಡು ಅವರು ವರ್ಷಗಟ್ಟಲೆ ಹಾಡಿ ತೀರಿಸಿದರು. ಈ ಇಸವಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇದೇ ಮಂಡಳಿ ಚಟದ ಮೇಲೆ ಒಂದು ದೊಡ್ಡ ನಾಟಕ ಆಡಿತು. ಅದು ರಾಮ ಗಣೇಶ ಗಡಕರಿಯವರ 'ಏಕಚ್ ಪ್ಯಾಲಾ', ಎಂದರೆ ಒಂದೇ ಬಟ್ಟಲು. 1919ರ ಜನವರಿಯಲ್ಲಿ, ಮೂವತ್ಮೂರರ ವಯಸ್ಸಿಗೆ ಗಡಕರಿ ತೀರಿಕೊಂಡರು. ನಾಟಕ ಫೆಬ್ರುವರಿಯಲ್ಲಿ ಬಡೋದೆಯಲ್ಲಿ ರಂಗಕ್ಕೆ ಬಂತು. ಅದರ ನಾಯಕ ಸುಧಾಕರ ಜಾಣ ವಕೀಲ. ಕೋರ್ಟಿನಲ್ಲಿ ಅವಮಾನವಾಗಿ ಕೆಲ ಕಾಲ ಸನದು ಹೋಗುತ್ತದೆ. ನೋವು ಮರೆಯಲು ಒಂದೇ ಒಂದು ಬಟ್ಟಲು ಸಾಕು ಎಂದು ಕುಡುಕ ತಳೀರಾಮ ಕುಡಿಸುತ್ತಾನೆ. ಅಲ್ಲಿಂದ ಇಳಿಜಾರು. ಕುಡುಕರ ಸಂಘದ ದೃಶ್ಯಗಳಲ್ಲಿ ಸಭೆ ಹೊಟ್ಟೆ ಹಿಡಿದು ನಗುತ್ತದೆ, ಮರುದೃಶ್ಯದಲ್ಲಿ ಅದೇ ಸಭೆ ಕಣ್ಣೊರೆಸಿಕೊಳ್ಳುತ್ತದೆ. ಮಗು ಸಾಯುತ್ತದೆ, ಹೆಂಡತಿ ಸಿಂಧು ಸಾಯುತ್ತಾಳೆ, ಕೊನೆಗೆ ಅವನೂ ವಿಷ ಕುಡಿಯುತ್ತಾನೆ.

ಆ ಸಿಂಧು ಬಾಲಗಂಧರ್ವರು. ಜರಿ ಶಾಲು, ಮುತ್ತಿನ ಸರ ನೋಡಲು ಬಂದ ಜನರ ಎದುರು ಅವರು ತೇಪೆ ಹಾಕಿದ ಸೀರೆಯುಟ್ಟು, ಬೀಸುಕಲ್ಲಿನ ಮುಂದೆ ಕೂತರು. ಕೈ ಗೂಟ ತಿರುಗಿಸುತ್ತದೆ, ಬಾಯಿ ಹಾಡುತ್ತದೆ. ಬೀಸುವ ಹಾಡು ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಕೂಲಿಗೆ ಬೀಸುವ ಬಡತನವೂ ಹೊಸದಲ್ಲ. ಅವರು ಮಾಡಿದ ಪಾತ್ರಗಳಲ್ಲೆಲ್ಲ ಇದೇ ಎತ್ತರದ್ದು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಕುಡಿತದ ಕೇಡನ್ನು ಕುಡಿಯುವವನ ಮುಖದಲ್ಲಿ ತೋರಿಸುವುದು ಸುಲಭ. ಇಲ್ಲಿ ಅದು ಹೆಂಡತಿಯ ಸೀರೆಯ ತೇಪೆಯಲ್ಲಿ ಕಾಣುತ್ತದೆ.

ಗಂಧರ್ವ ಎಂಬ ಹೆಸರಿನ ಕೀರ್ತಿ ಎಂಥದ್ದೆಂದರೆ, ಕುಂದಗೋಳದ ಗಾಯಕ ರಾಮಭಾವು ಸುಭದ್ರೆಯ ಪಾತ್ರದಲ್ಲಿ ಹಾಡಿದಾಗ ಜನ ಅವರನ್ನು 'ಸವಾಯಿ ಗಂಧರ್ವ' ಎಂದರು. ಸವಾಯಿ ಎಂದರೆ ಒಂದೂಕಾಲು. 

1930ರ ದಶಕದಲ್ಲಿ ಮಾತನಾಡುವ ಸಿನಿಮಾ ಬಂತು, ನಾಟಕಗೃಹಗಳು ಖಾಲಿಯಾದವು. 1935ರಲ್ಲಿ ಬಾಲಗಂಧರ್ವರೂ ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥರಾದರು. ಸೀರೆಯಿಲ್ಲದ ಬಾಲಗಂಧರ್ವರನ್ನು ಜನ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕ್ಯಾಮೆರಾದ ಮುಂದೆ 'ಒನ್ಸ್‌ಮೋರ್' ಎನ್ನುವ ಸಭೆಯೂ ಇರುವುದಿಲ್ಲ. ಅವರು ರಂಗಕ್ಕೆ ಮರಳಿದರು.

ಆಗ ಅವರ ಬದುಕಿಗೆ ಬಂದವರು ಗೋಹರಬಾಯಿ ಕರ್ನಾಟಕಿ. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಕಲಾವಿದರ ಮನೆತನದವರು. ಕಲ್ಕತ್ತೆಯ ಪ್ರಸಿದ್ಧ ಗಾಯಕಿ ಗೌಹರ್ ಜಾನ್ ಬೇರೆ, ಇವರು ಬೇರೆ. 1943ರ 'ಕಿಸ್ಮತ್' ಚಿತ್ರದಲ್ಲಿ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಅಮೀರ್‌ಬಾಯಿ ಇವರ ತಂಗಿ. ಗೋಹರಬಾಯಿ ಬಾಲಗಂಧರ್ವರ ಹಾಡುಗಳನ್ನು ಕೇಳಿ ಕೇಳಿ, ಆ ಗಾಯನಶೈಲಿಯನ್ನು ಕೊರಳಿಗೆ ಇಳಿಸಿಕೊಂಡಿದ್ದರು. ಮಂಡಳಿಗೆ ಬಂದು, ಗಂಡಸೊಬ್ಬ ಕಟ್ಟಿದ ಹೆಣ್ಣಿನ ಪಾತ್ರಗಳನ್ನು ಹೆಣ್ಣಾಗಿ ಆಡಿದರು. ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡರು. 1951ರಲ್ಲಿ ಇವರಿಬ್ಬರ ಮದುವೆ ಆಯಿತು.

ಅಭಿಮಾನಿಗಳು ಇದನ್ನು ಸಹಿಸಲಿಲ್ಲ. ದೇವರಂಥ ಮನುಷ್ಯನನ್ನು ಬೀಳಗಿಯ ಮುಸಲ್ಮಾನ ಹೆಂಗಸು ಹಾಳುಮಾಡಿದಳು ಎಂದು ಬರೆದರು, ಆಡಿದರು. 1921ರ ಸಾಲ ನೆನಪಿದೆಯಲ್ಲ? ಆಗ ಗೋಹರಬಾಯಿ ಬಾಲಗಂಧರ್ವರ ಬದುಕಿನಲ್ಲೇ ಇರಲಿಲ್ಲ. ಒಡವೆ, ಅತ್ತರು, ಮಯಸಭೆಯ ಖರ್ಚು ಅವರದಲ್ಲ. ಸಿನಿಮಾ ಬಂದು ಕಂಪನಿಗಳು ಮುಳುಗಿದ್ದೂ ಅವರಿಂದಲ್ಲ. ಒನ್ಸ್‌ಮೋರ್ ಕೂಗಿದವರು ಮನೆಗೆ ಹೋದ ಮೇಲೂ ಜೊತೆಯಲ್ಲಿ ಉಳಿದವರು ಅವರು. ಕಾಲು ಸೋತ ಬಾಲಗಂಧರ್ವರು ಕೂತಲ್ಲೇ ಭಜನೆ ಹಾಡುತ್ತ ದಿನ ಕಳೆದರು.

2011ರಲ್ಲಿ ರವಿ ಜಾಧವ್ 'ಬಾಲಗಂಧರ್ವ' ಚಿತ್ರ ಮಾಡಿದರು. ಸುಬೋಧ ಭಾವೆ ಪಾತ್ರವಾದರು, ಆನಂದ ಭಾಟೆ ಕೊರಳಾದರು. ಭಾಟೆಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ವಸ್ತ್ರವಿನ್ಯಾಸಕ್ಕೂ ಪ್ರಸಾಧನಕ್ಕೂ ಬಂತು. ಕಣ್ಣಿಗೆ ಹಬ್ಬದಂಥ ಚಿತ್ರ, ನೋಡಲೇಬೇಕು. ಆದರೆ ಗೋಹರಬಾಯಿಗೆ ಅದರಲ್ಲಿ ಸಿಕ್ಕ ಜಾಗ ತೀರ ಕಡಿಮೆ. ಈ ಬೀಳಗಿ ಅಕ್ಕತಂಗಿಯರ ಬದುಕನ್ನು ಕನ್ನಡದಲ್ಲಿ ಅರಿಯಬೇಕೆಂದರೆ ರಹಮತ್ ತರೀಕೆರೆಯವರು ಅಮೀರ್‌ಬಾಯಿ ಬಗ್ಗೆ ಬರೆದ ಪುಸ್ತಕ ಓದಬೇಕು.

ಬಾಲಗಂಧರ್ವರಿಗೆ 1964ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಗೋಹರಬಾಯಿ ತೀರಿಕೊಂಡರು. ಮೂರು ವರ್ಷದ ನಂತರ, 1967ರ ಜುಲೈ 15ರಂದು ಬಾಲಗಂಧರ್ವರೂ ಹೋದರು. ಗೋಹರಬಾಯಿ ಹಾಡಿದ ಹಳೆಯ ಧ್ವನಿಮುದ್ರಿಕೆಗಳು ಉಳಿದಿವೆ. ಬಾಲಗಂಧರ್ವರ ಒಂದು ಪದ ಕೇಳಿದ ಮೇಲೆ ಗೋಹರಬಾಯಿಯವರದೂ ಒಂದು ಕೇಳಿ.