ಒಂದು ಮನೆ, ಇಬ್ಬರು ಬಾಡಿಗೆದಾರರು

ಲಿನಕ್ಸ್ ಗಣಕಯಂತ್ರಕ್ಕೆ ತಂತ್ರಾಂಶಗಳು ‘ಪ್ಯಾಕೇಜ್’ ಎಂಬ ಪೊಟ್ಟಣಗಳಾಗಿ ಬರುತ್ತವೆ. ಪ್ರತಿ ಪೊಟ್ಟಣದ ಜೊತೆ ಒಂದು ಚೀಟಿ ಇರುತ್ತದೆ. ತನಗೆ ಬೇರೆ ಯಾವ ಪೊಟ್ಟಣ ಬೇಕು, ಅದು ಎಷ್ಟನೆಯ ಆವೃತ್ತಿಯದಾಗಿರಬೇಕು, ಯಾರ ಜೊತೆ ತಾನು ಇರಲಾರೆ ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಈ ಚೀಟಿಗಳನ್ನು ತಾಳೆ ನೋಡುವುದು ‘ಆಪ್ಟ್’. ತಾಳೆಯಾಗದಿದ್ದರೆ ಅದು ಮುಂದೆ ಹೋಗುವುದಿಲ್ಲ. ಹುಡುಗರು ಇದನ್ನು ಗಣಕದ ಮೊಂಡುತನವೆಂದು ಬೈಯುತ್ತಾರೆ. ನನಗೇನೋ ಅದು ಒಳ್ಳೆಯ ಗುಮಾಸ್ತನ ಲಕ್ಷಣವೆನಿಸುತ್ತದೆ.

ಕುಕ್ ಟೌನ್‌ನ ನಮ್ಮ ಶಾಲೆಯ ಗ್ರಂಥಾಲಯದ ಪಟ್ಟಿ ‘ಕೋಹಾ’ ಎಂಬ ತಂತ್ರಾಂಶದಲ್ಲಿದೆ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದದ್ದು ಇದು. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಪುಸ್ತಕ, ಸದಸ್ಯರು, ಯಾರು ಏನು ಒಯ್ದರು ಎಂಬ ವಿವರವೆಲ್ಲ ಅದರ ಕೆಳಗಿನ ಡೇಟಾಬೇಸಿನಲ್ಲಿ ಇರುತ್ತದೆ. ನಮ್ಮಲ್ಲಿದ್ದದ್ದು ಮೈಎಸ್‌ಕ್ಯೂಎಲ್ 8.0. ಅದಕ್ಕೆ ತಯಾರಕರ ಬೆಂಬಲದ ಗಡುವು 2026ರ ಏಪ್ರಿಲ್. ಬದಲಿಗೆ ಮಾರಿಯಾಡಿಬಿ 10.11 ಹಾಕಲು ಹೊರಟೆವು. ಸಹಾಯಕ್ಕೆ ಬಂದ ಪಿಯುಸಿ ಹುಡುಗ ಪರದೆ ನೋಡಿ ಕೇಳಿದ: “ಸಾರ್, ಇದು ಹಳೇದನ್ನೆಲ್ಲ ತೆಗೀತೀನಿ ಅಂತಿದೆ. ಹೂಂ ಅನ್ನಲಾ?”

ಬೇಡವೆಂದೆ. ಕಾರಣವಿದೆ.

ಇವೆರಡೂ ಒಂದೇ ಬಳ್ಳಿಯವು. ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ಮೊದಲನೆಯದಕ್ಕೆ ಮಗಳು ‘ಮೈ’ಯ ಹೆಸರಿಟ್ಟರು. 2009ರಲ್ಲಿ, ಮೈಎಸ್‌ಕ್ಯೂಎಲ್ ಒರಾಕಲ್ ಕಂಪನಿಯ ಕೈಗೆ ಹೋಗುವ ಹೊತ್ತಿನಲ್ಲಿ, ಬೇರೆ ಕವಲು ತೆಗೆದು ಕಿರಿಯ ಮಗಳು ಮಾರಿಯಾಳ ಹೆಸರಿಟ್ಟರು. ಎರಡೂ ದತ್ತಾಂಶವಿಡಲು ಒಂದೇ ಕೋಶವನ್ನು ಬಯಸುತ್ತವೆ, 3306 ಎಂಬ ಒಂದೇ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂರುತ್ತವೆ. ಒಂದೇ ಮನೆಗೆ ಇಬ್ಬರು ಬಾಡಿಗೆದಾರರು! ಹೋಗಲಿ, ಒಬ್ಬರು ಬಿಟ್ಟ ಸಾಮಾನು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುತ್ತದೆಯೇ ಎಂದರೆ ಅದೂ ಇಲ್ಲ. 8.0ರ ಕಡತಗಳನ್ನು ಮಾರಿಯಾಡಿಬಿ ನೇರವಾಗಿ ತೆರೆದು ಓದಲಾರದು.

ಹಾಗಾಗಿ ಮೊದಲು ‘ಮೈಎಸ್‌ಕ್ಯೂಎಲ್ ಡಂಪ್’ ಆಜ್ಞೆಯಿಂದ ಎಲ್ಲ ವಿವರವನ್ನೂ ಸಾದಾ ಪಠ್ಯವಾಗಿ ಇಳಿಸಿಕೊಂಡೆವು. ಒಂದು ಪ್ರತಿ ಪೆನ್‌ಡ್ರೈವಿಗೆ. ಮೂಲೆಯಲ್ಲಿದ್ದ ಇನ್ನೊಂದು ಗಣಕದಲ್ಲಿ ಮಾರಿಯಾಡಿಬಿ ಹಾಕಿ ಅದನ್ನು ತುಂಬಿಸಲು ಹೋದರೆ ಆರಂಭದಲ್ಲೇ ತಡೆ. ಅಕ್ಷರಗಳನ್ನು ಹೋಲಿಸಿ ಅನುಕ್ರಮದಲ್ಲಿ ಜೋಡಿಸುವ ನಿಯಮಕ್ಕೆ ‘ಕೊಲೇಶನ್’ ಎನ್ನುತ್ತಾರೆ. 8.0 ತಾನಾಗಿ ಬಳಸುವ ಕೊಲೇಶನ್ನಿನ ಹೆಸರೇ 10.11ಕ್ಕೆ ಗೊತ್ತಿಲ್ಲ! ಆ ಹೆಸರಿದ್ದ ಕಡೆ ಎರಡಕ್ಕೂ ಗೊತ್ತಿರುವ ಯುನಿಕೋಡ್ ಕೊಲೇಶನ್ನಿನ ಹೆಸರು ಬರೆದಾಗ ದಾರಿ ತೆರೆಯಿತು. ಒತ್ತಕ್ಷರಗಳಿರುವ ಕನ್ನಡ ಶೀರ್ಷಿಕೆಗಳನ್ನು ಹುಡುಕಿ ನೋಡಿದೆವು. ಅಕ್ಷರವಿರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದಿದ್ದರೆ ಎಲ್ಲ ವ್ಯರ್ಥ. ಬಂದಿರಲಿಲ್ಲ. ಪುಸ್ತಕಗಳ ಲೆಕ್ಕವೂ ಸರಿಹೊಂದಿದ ಮೇಲೆಯೇ ಮುಖ್ಯ ಗಣಕಕ್ಕೆ ಕೈಹಾಕಿದ್ದು.

ಸಿಬಿಎಸ್‌ಇ ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್ ಜೊತೆ ಮೈಎಸ್‌ಕ್ಯೂಎಲ್ ಇದೆ. ಹಾಗಾಗಿ ಮನೆಯ ಲಿನಕ್ಸ್‌ನಲ್ಲೂ ಈ ತಿಕ್ಕಾಟ ಎದುರಾಗಬಹುದು. ಆಪ್ಟ್‌ನಲ್ಲಿ ‘ಸಿಮ್ಯುಲೇಟ್’ ಎಂಬ ಆಯ್ಕೆ ಇದೆ. ಏನನ್ನೂ ಬದಲಿಸದೆ, ಏನಾಗಲಿದೆ ಎಂದಷ್ಟೇ ತೋರಿಸುತ್ತದೆ. ಅದರಲ್ಲಿ ‘ತೆಗೆದುಹಾಕಲಾಗುವುದು’ ಎಂಬ ಪಟ್ಟಿಯನ್ನು ನಿಧಾನವಾಗಿ ಓದಿ. ಬಲವಂತದಿಂದ ಹಾಕುವ ಆಜ್ಞೆಗಳೂ ಇವೆ, ಅವುಗಳ ಗೊಡವೆ ಬೇಡ. ಇನ್ನು ತಂದೆತಾಯಿಯರು: ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಮಗ ಆವೃತ್ತಿ ಬದಲಿಸಲು ಕೂತರೆ, ಪೆನ್‌ಡ್ರೈವಿಗೆ ಪ್ರತಿ ತೆಗೆದೆಯಾ ಎಂದೊಮ್ಮೆ ಕೇಳಿ.